ಯಾರ ಕಾಲಿನ ಇಡ್ಲಿ

ಸೂರ್ಯನೇ ಮಂಕಾಗಿ ಲೋಕವೆಲ್ಲ ತಣ್ಣಗಾದ ಮೇಲೆ, ಬಿಸಿಲಿಗೆ ಹೆಸರಾದ ಬಳ್ಳಾರಿಯಲ್ಲೂ ಇಡ್ಲಿ ಹಿಟ್ಟು ತಾನಾಗಿ ಉಬ್ಬುವುದಿಲ್ಲ. ಎಲ್ಲರ ಮನೆಯಂತೆ ನಮ್ಮಲ್ಲೂ ಯಜಮಾನರು ಸಂಜೆ ಕೋಟೆ ಗುಡ್ಡ ಸುತ್ತಿ ಓಡಿ ಬಂದು, ಕಾಲಿನ ಕಾದ ಮೀನಖಂಡಗಳ ನಡುವೆ ಹಿಟ್ಟಿನ ಪಾತ್ರೆ ಇಟ್ಟುಕೊಂಡು ಕೂರುತ್ತಾರೆ. ಗಂಡಸರ ಕಾಲಿನ ಶಾಖವೆಂದರೆ ಮನೆಯ ಮರ್ಯಾದೆ. ಒಂದು ದಿನ ಬೆಳಿಗ್ಗೆ ಮಗಳ ಮಾವನವರು ಮೊದಲ ಸಲ ತಿಂಡಿಗೆ ಬರುವವರಿದ್ದರು. ಅದರ ಹಿಂದಿನ ಸಂಜೆಯೇ ಹಿಟ್ಟು ಮಿಸುಕಲಿಲ್ಲ.

ಯಜಮಾನರ ಕಾಲು ಮುಟ್ಟಿ ನೋಡಿದೆ. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು.

“ಏನ್ರೀ, ಐಸಿನ ತೊಟ್ಟ್ಯಾಗ ಕುಂತು ಬಂದ್ರೇನು?”

“ಓಡಿ ಓಡಿ ಕಾಲು ಸೆಳೀತಾವ ಹಂಪಮ್ಮ. ಐಸಿನ್ಯಾಗ ಇಟ್ರ ನೋವು ಹೋಗ್ತದ.”

“ನೋವಿನ ಜೋಡಿ ರಕ್ತದ ಬಿಸೀನೂ ಹೋಗೇತಲ್ಲ. ನಾಳೆ ಬೀಗರ ಎಲಿಗೆ ಕಲ್ಲು ಬಡಸ್ಲೇನು?”

ಬೈಯುತ್ತಲೇ ಬಿಸಿನೀರಿನ ಬಟ್ಟೆ ಸುತ್ತಿ, ಪಾದದಿಂದ ಮೇಲಕ್ಕೆ ನೀವಿದೆ. ಮೀನಖಂಡ ಗಂಟುಗಂಟಾಗಿತ್ತು. ಮುಟ್ಟಿದಲ್ಲೆಲ್ಲ ಅವರು ಮುಖ ಹಿಂಡುತ್ತಿದ್ದರು. ಈ ಕಾಲು ಇನ್ನೊಂದು ಸುತ್ತು ಓಡುವುದಿಲ್ಲವೆಂದು ತಿಳಿಯಿತು. ಸೀರೆ ಎತ್ತಿಕಟ್ಟಿ, ಅವರ ಬೂಟು ಹಾಕಿಕೊಂಡು, ಹಿತ್ತಿಲ ಬಾಗಿಲಿಂದ ಗುಡ್ಡಕ್ಕೆ ನಾನೇ ಹೊರಟೆ.

ಬೆಳಿಗ್ಗೆ ಬೀಗರು ಇಡ್ಲಿಯನ್ನು ಮತ್ತೆ ಮತ್ತೆ ಬಡಿಸಿಕೊಂಡರು.

“ಮಲ್ಲಿಗಿ ಹೂವಿನಂಗ ಅದಾವ. ಯಾರ ಕಾಲು?”

“ನಮ್ಮನಿಯವರದು,” ಎಂದು ನಾನು ಸೀರೆಯನ್ನು ಪಾದದವರೆಗೆ ಎಳೆದುಕೊಂಡೆ.

“ಅಂಥಾ ಕಾಲು ಒಮ್ಮಿ ನೋಡಬೇಕಲ್ಲ,” ಎಂದರು ಬೀಗರು.

ಯಜಮಾನರು ಎದ್ದು ಒಳಗೆ ಹೋದರು. ಬಿಸಿನೀರಿನ ಬಟ್ಟೆ ಹಿಂಡಿಕೊಂಡು ಕುಂಟುತ್ತ ಬಂದು, ಎಲ್ಲರೆದುರಿಗೆ ನನ್ನ ಪಾದದ ಬಳಿ ಕುಳಿತರು.

“ಚಾಚು ಹಂಪಮ್ಮ. ಓಡಿದ ಕಾಲು ಸೆಳೀತಾವ.”