ಕಿರಿಯರು ಮೊದಲು

ನಾಲ್ಕನೆಯ ಗ್ಲಾಸಿನೊಳಗೆ ಮೂಗು ತೂರಿಸಿ ಅವಳು ಉಸಿರೆಳೆದಳು. ಏನೂ ಇಲ್ಲ. ಖಾಲಿ ಗ್ಲಾಸನ್ನು ಮೂಸಿದ್ದರೂ ಅಷ್ಟೇ ತಿಳಿಯುತ್ತಿತ್ತು.

ಜ್ವರ ಬಂದು ಹೋಗಿ ಇಪ್ಪತ್ತು ದಿನ. ಹೋಗುವಾಗ ಅದು ಅವಳ ವಾಸನೆಯ ಶಕ್ತಿಯನ್ನೂ ಜೊತೆಗೆ ಒಯ್ದಿತ್ತು. ವೈನ್ ಪರೀಕ್ಷಕಿಗೆ ಅದೊಂದು ಹೋದರೆ ಉಳಿಯುವುದೇನು? ಅವಳು ಯಾರಿಗೂ ಹೇಳಿರಲಿಲ್ಲ, ಜೊತೆಯಲ್ಲೇ ವೈನ್ ಪರೀಕ್ಷಿಸುವ ಅಪ್ಪನಿಗಂತೂ ಇಲ್ಲವೇ ಇಲ್ಲ. ಮೊನ್ನೆ ಒಲೆಯ ಮೇಲಿನ ಹಾಲು ಉಕ್ಕಿ, ಪಾತ್ರೆ ಸೀದು ಕರಿಯಾದಾಗ ಗುಟ್ಟು ರಟ್ಟಾಯಿತೆಂದೇ ಅಂದುಕೊಂಡಿದ್ದಳು. ಪುಣ್ಯಕ್ಕೆ ಪಕ್ಕದ ಕೋಣೆಯಲ್ಲಿದ್ದ ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಮೇಜಿನ ಮೇಲೆ ಆರು ಕಪ್ಪು ಗ್ಲಾಸುಗಳಿದ್ದವು. ಬಣ್ಣ ನೋಡಿ ವಯಸ್ಸು ಊಹಿಸಬಾರದೆಂದು ಕಪ್ಪು. ಒಂದೇ ಫ್ರೆಂಚ್ ತೋಟದ, ಆರು ಬೇರೆ ಬೇರೆ ವರ್ಷಗಳ ವೈನ್. ನಾಲ್ಕನೆಯದು ಎಂಬತ್ತೆರಡನೇ ಇಸವಿಯದು ಎನ್ನುತ್ತಿತ್ತು ಬಾಟಲಿಯ ಮೇಲಿನ ಚೀಟಿ. ಅಲ್ಲ ಎನ್ನುತ್ತಿದ್ದ ಬಾಟಲಿಗಳ ಮಾಲೀಕ. ನೆಲಮಾಳಿಗೆ ನೋಡಿಕೊಳ್ಳುವ ಮುದುಕ ಅಸಲಿಯನ್ನು ಕದ್ದು ಮಾರಿ, ಬಾಟಲಿಗೆ ಅಗ್ಗದ ಎಳೆಯ ವೈನ್ ತುಂಬಿದ್ದಾನೆಂಬುದು ಅವನ ಗುಮಾನಿ.

ಮುದುಕ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. ಪಕ್ಕದಲ್ಲೇ ಒಬ್ಬ ಪೊಲೀಸ್ ಪೇದೆ.

"ಇಪ್ಪತ್ತಾರು ವರ್ಷ ಆ ಬಾಟಲಿಗಳನ್ನ ಮಕ್ಕಳ ಹಾಗೆ ನೋಡ್ಕೊಂಡಿದೀನಿ ಅಮ್ಮ," ಎಂದ. "ನೀವಿಬ್ರು ಏನು ಹೇಳ್ತೀರೋ ಅದಕ್ಕೆ ನಾನು ಬದ್ಧ. ನಿಮ್ಮ ಮೂಗು ಸುಳ್ಳು ಹೇಳಲ್ಲ."

ಅಪ್ಪ ತಮ್ಮ ಗ್ಲಾಸನ್ನು ಕೆಳಗಿಟ್ಟರು. "ಕಿರಿಯರು ಮೊದಲು."

ಹಿರಿಯರ ಮಾತಿಗೆ ಕಿರಿಯರು ಸುಮ್ಮನೆ ಕೋಲೆ ಬಸವನ ಹಾಗೆ ತಲೆಯಾಡಿಸಬಾರದೆಂದು ಮೂರು ವರ್ಷದ ಹಿಂದೆ ಅವರೇ ತಂದ ಕಟ್ಟಳೆ ಅದು.

ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಗೊತ್ತಾಗುತ್ತಿಲ್ಲ ಎಂದರೆ ಇವತ್ತೇ ಕೆಲಸಕ್ಕೆ ಸಂಚಕಾರ. ಏನಾದರೂ ಹೇಳಿಬಿಟ್ಟರೆ? ತಪ್ಪಾದರೆ ಅಪ್ಪ ಬಿಟ್ಟಾರೆಯೇ? ಅವರಿಗೆ ಕೋಪ ಮೂಗಿನ ತುದಿಯಲ್ಲೇ. ಎಲ್ಲರ ಮುಂದೆ ಝಾಡಿಸಿ ತಿದ್ದುತ್ತಾರೆ. ತನ್ನ ಮಾನ ಹೋದರೂ ಮುದುಕನಿಗೆ ಅನ್ಯಾಯವಾಗುವುದಿಲ್ಲ. ಆ ಧೈರ್ಯದ ಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಿಗೆ ಒಗರೊಗರಾಯಿತು. ಹಳೆಯ ವೈನ್ ಇಷ್ಟು ಒಗರಿರಬಾರದು. ಆದರೆ ಹೆದರಿಕೆಗೆ ಬಾಯಿ ಬೆಳಗಿನಿಂದಲೇ ಒಣಗಿತ್ತು; ಒಗರು ವೈನಿನದೋ ಬಾಯಿಯದೋ ಹೇಳುವಂತಿರಲಿಲ್ಲ.

"ಇದು ಎಂಬತ್ತೆರಡರದಲ್ಲ," ಎಂದಳು. "ಎಳೆಯದು."

ಅಪ್ಪ ಕಣ್ಣು ಮುಚ್ಚಿ ಗ್ಲಾಸನ್ನು ಬಹಳ ಹೊತ್ತು ಮೂಸಿದರು. ತಿದ್ದುವ ಮಾತಿಗಾಗಿ ಅವಳು ಉಸಿರು ಬಿಗಿಹಿಡಿದು ಕಾದಳು.

"ನನ್ನದೂ ಅದೇ ಮಾತು."

ಮುದುಕ ಮೇಜಿನ ಬಳಿಗೆ ಬಂದ. ಮೇಜಿನ ಅಂಚಿಗೆ ಬಂದಿದ್ದ ಬಾಟಲಿಯನ್ನು ಜೋಪಾನವಾಗಿ ಒಳಕ್ಕೆ ಸರಿಸಿ, ಪೇದೆಯ ಹಿಂದೆ ನಡೆದ. ಮಾಲೀಕನೂ ಅವರ ಹಿಂದೆಯೇ ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಬೈಬೇಡಿ. ಜ್ವರ ಬಂದಾಗಿನಿಂದ ನನಗೆ ವಾಸನೆಯೇ ಗೊತ್ತಾಗ್ತಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಸದ್ಯ, ನೀವಿದ್ರಿ. ಇಲ್ಲಾಂದ್ರೆ ಬರೀ ನನ್ನ ಊಹೆ ನಂಬ್ಕೊಂಡು ಆ ಮನುಷ್ಯನನ್ನ ಜೈಲಿಗೆ ಹಾಕ್ತಿದ್ರು."

ಅಪ್ಪ ಬೈಯಲಿಲ್ಲ. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕುಳಿತರು. ಹೊರಗೆ ಪೊಲೀಸ್ ವಾಹನ ಹೊರಟ ಸದ್ದಾಯಿತು.

"ಮೂರು ವರ್ಷದಿಂದ ನನಗಿದ್ದದ್ದು ನಿನ್ನ ಮೂಗೊಂದೇ, ಮಗೂ."