ದಿಂಬಿನ ನೇರಕ್ಕೊಂದು ನಲ್ಲಿ

ಗೋಡೆಯ ಆ ಬದಿಯಿಂದ ಬಂದ ಉಳಿ ಈ ಬದಿಗೆ ಮೂತಿ ಹಾಕಿದ್ದು ದೊಡ್ಡಕ್ಕನ ಮಂಚದ ಮೇಲೆ, ಸರಿಯಾಗಿ ದಿಂಬಿನ ನೇರಕ್ಕೆ. ಅಲ್ಲೇ ಕೂತು ತಮ್ಮನ ಬಿಳಿ ಅಂಗಿಗಳನ್ನು ಮಡಿಸುತ್ತಿದ್ದ ಅವಳ ತಲೆಯ ಮೇಲೆ ಗಾರೆಯ ಚೂರು ಉದುರಿತು. ಮೊದಲು ಅಂಗಿಗಳನ್ನು ಎದೆಗವಚಿಕೊಂಡು ದೂರವಿಟ್ಟಳು, ಆಮೇಲೆ ತಲೆ ಕೊಡವಿಕೊಂಡಳು. ಪಾಪ, ಪ್ಲಂಬರ್‌ಗೆ ಅಂದಾಜು ತಪ್ಪಿದೆ ಎಂದುಕೊಂಡು ಎದ್ದು ಬಚ್ಚಲಿಗೆ ಹೋದಳು.

"ಈ ಗೋಡೆ ಆಚೆ ನಾನು ಮಲಗೋದು ಕಣಪ್ಪಾ. ಇಲ್ಲಿ ನಲ್ಲಿ ಕೂರಿಸಿದ್ರೆ ರಾತ್ರಿಯೆಲ್ಲ ಬಾಯಿ ತೆರ್ಕೊಂಡು ಮಲಗಬೇಕಷ್ಟೆ."

ಪ್ಲಂಬರ್ ನಕ್ಕ. ಬಟ್ಟೆ ಒಗೆಯುವ ಮೆಷಿನ್ನಿಗೆ ನಲ್ಲಿ ಗೋಡೆಯ ಆಚೆ ಬದಿಗೇ ಬರಬೇಕೆಂದು ಮನೆಯವರೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು, ಯಾರೋ ಅಳಿಸಿಬಿಟ್ಟಿದ್ದರಿಂದ ಅಮ್ಮಾವರು ಮತ್ತೆ ಬಂದು ತೋರಿಸಿಹೋದರು ಎಂದ. ಅಳಿಸಿದವಳು ದೊಡ್ಡಕ್ಕನೇ. ತಮ್ಮನ ಮಗಳು ಪುಟ್ಟಿಯ ಗೀಚಾಟವೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಶಾಲೆಯಿಂದ ಬರಲಿ ಕಿವಿ ಹಿಂಡುತ್ತೇನೆ ಎಂದು ಗೊಣಗಿಯೂ ಇದ್ದಳು.

ಗಂಡ ಹೋದ ಮೇಲೆ ಅವಳು ತಮ್ಮನ ಮನೆಗೆ ಬಂದಾಗಿನಿಂದಲೂ ಇಲ್ಲಿ ಬೆಳಗಿನ ಮೊದಲ ನೀರು ತುಕ್ಕಿನಿಂದ ಕೆಂಪು. ಪೈಪಿನೊಳಗೆ ಒಬ್ಬ ಮುದಿ ರಾಕ್ಷಸನಿದ್ದಾನೆ, ಅವನ ವಸಡಿನಲ್ಲಿ ಸದಾ ರಕ್ತ, ಎದ್ದ ಕೂಡಲೇ ಬಾಯಿ ಮುಕ್ಕಳಿಸುತ್ತಾನೆ ಎಂದು ಪುಟ್ಟಿಗೆ ಕತೆ ಕಟ್ಟಿ ಹೇಳುತ್ತಿದ್ದಳು. ಅವನ ಉಗುಳು ತಿಳಿಯಾಗುವವರೆಗೆ ಕಾದು, ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ನೀರು ಹಿಡಿಯುತ್ತಿದ್ದಳು. ಅಷ್ಟಾದರೂ ಒಗೆದ ಅಂಗಿಗೆ ಕಲೆ ಬಿದ್ದರೆ ನಿಂಬೆಹೋಳು, ಉಪ್ಪು, ಸುಡುಬಿಸಿಲು. ತಮ್ಮನೋ, ಔಷಧದ ಅಂಗಡಿಯಲ್ಲಿ ಬಿಳಿ ಅಂಗಿ ತೊಟ್ಟೇ ನಿಲ್ಲಬೇಕಾದವನು. ಅಕ್ಕ ಇಲ್ಲದಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು ಎಂದು ಮನೆಗೆ ಬಂದವರ ಎದುರೆಲ್ಲ ಹೇಳುತ್ತಿದ್ದ. ಆ ಒಂದು ಮಾತಿನ ಬಲದ ಮೇಲೆ ಅವಳು ಈ ಮನೆಯಲ್ಲಿ ತಲೆಯೆತ್ತಿ ಉಣ್ಣುತ್ತಿದ್ದಳು.

ಪೈಪು ಬದಲಾಯಿಸುವ ಮಾತು ಹುಟ್ಟಿದ್ದೂ ಅವಳಿಂದಲೇ. ನಿಂಬೆರಸ ತಾಗಿ ತಾಗಿ ಬಿರಿದ ಬೆರಳುಗಳು ಬಡಿಸುವಾಗ ತಮ್ಮನ ಕಣ್ಣಿಗೆ ಬಿದ್ದವು. ಅವನು ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಇದ್ದಬದ್ದ ಕಬ್ಬಿಣವನ್ನೆಲ್ಲ ಕಿತ್ತು ಹಾಕಿಸುತ್ತೇನೆ ಅಂದ. ಮರುದಿನವೇ ದೊಡ್ಡಕ್ಕ ಕಾಂಪೌಂಡಿನ ಬಳಿ ನಿಂತು ಪಕ್ಕದ ಮನೆಯವಳಿಗೆ ಹೇಳಿಕೊಂಡಳು: ನನ್ನ ಕೈಗೋಸ್ಕರ ಮನೆ ಗೋಡೆಗಳನ್ನೇ ಒಡೆಸ್ತಿದ್ದಾನೆ ನೋಡಿ, ಇಂಥ ತಮ್ಮ ಯಾರಿಗಿರ್ತಾನೆ ಅಂತ.

ಗೋಡೆಗೆ ತೂತು ಬಿದ್ದ ದಿನ ಸಂಜೆ ತಮ್ಮ ಬರುವ ಹೊತ್ತಿಗೆ ಕಿತ್ತ ಪೈಪುಗಳು ಬಾಗಿಲ ಬಳಿ ರಾಶಿ ಬಿದ್ದಿದ್ದವು. ಪುಟ್ಟಿ ಒಂದರೊಳಗೆ ಕಣ್ಣಿಟ್ಟು ರಾಕ್ಷಸನನ್ನು ಹುಡುಕುತ್ತಿದ್ದಳು. ತುಕ್ಕು ಎಷ್ಟು ಕಟ್ಟಿತ್ತೆಂದರೆ ಆ ತುದಿಯ ಬೆಳಕೇ ಕಾಣುತ್ತಿರಲಿಲ್ಲ. ಅಡುಗೆಮನೆಯ ಹೊಸ ನಲ್ಲಿ ತಿರುಗಿಸಿದ ತಮ್ಮ, ಗಾಜಿನ ಲೋಟದಲ್ಲಿ ನೀರು ಹಿಡಿದು, ಒಂದು ಚೂರೂ ಕೆಂಪಿಲ್ಲ ನೋಡು ಎಂದು ಅಕ್ಕನ ಮುಂದೆ ಚಾಚಿದ. ಅವಳು ಲೋಟ ಮುಟ್ಟಲಿಲ್ಲ.

"ಮೆಷಿನ್ ಬಂದ್ರೆ ನನ್ನ ಮಂಚ ಎಲ್ಲಿ ಹಾಕ್ಕೊಳ್ಳಲೋ?"

ತಮ್ಮ ತನ್ನ ಹೆಂಡತಿಯ ಮುಖ ನೋಡಿದ. ಅವಳೇನೂ ಕೆಟ್ಟವಳಲ್ಲ, ದನಿ ತಗ್ಗಿಸಿಯೇ ಮಾತಾಡಿದಳು. ತುಕ್ಕುನೀರಿಗೆ ಹಾಳಾಗುತ್ತದೆಂದು ಇಷ್ಟು ದಿನ ಮೆಷಿನ್ ತಂದಿರಲಿಲ್ಲ, ಇನ್ನು ಆ ಚಿಂತೆಯಿಲ್ಲ, ಅದನ್ನಿಡಲು ಬೇರೆ ಜಾಗವೂ ಇಲ್ಲ, ದೊಡ್ಡಕ್ಕನ ತಂಗಿಯ ಮನೆಯ ಮಹಡಿಯಲ್ಲಿ ಕೋಣೆಯೊಂದು ಖಾಲಿಯಿದೆಯಂತೆ, ಅವರನ್ನು ಕೇಳಿಯೂ ಆಗಿದೆ ಎಂದಳು.

"ಎಷ್ಟು ದಿನ ಅಂತ ಕೈ ಸವೆಸ್ಕೋತೀರಾ ದೊಡ್ಡಕ್ಕ? ಇನ್ನಾದ್ರೂ ಆರಾಮಾಗಿರಿ."

"ನಿನ್ನ ಕೈಗೋಸ್ಕರ ತಾನೇ ಅಕ್ಕಾ ಇಷ್ಟೆಲ್ಲ ಮಾಡ್ಸಿದ್ದು," ಎಂದು ಲೋಟದ ನೀರಿಗೆ ಹೇಳಿದ ತಮ್ಮ.

ದೊಡ್ಡಕ್ಕ ಒಳಗೆ ಹೋಗಿ ದಿಂಬಿನ ಮೇಲಿನ ಗಾರೆ ಕೊಡವಿದಳು. ರಾಕ್ಷಸ ಸತ್ತ ಮೇಲೆ, ಅಷ್ಟು ವರ್ಷ ಅವನನ್ನು ಪಳಗಿಸಿ ಇಟ್ಟುಕೊಂಡಿದ್ದವಳ ಗತಿ ಏನಾಯಿತೆಂದು ಅಜ್ಜಿಯರ ಯಾವ ಕತೆಯೂ ಅವಳಿಗೆ ಹೇಳಿರಲಿಲ್ಲ. ಗೋಡೆಯ ತೂತಿನಿಂದ ಬಚ್ಚಲ ದೀಪದ ಬೆಳಕು ಹಾಸಿಗೆಯ ಮೇಲೆ ನಾಣ್ಯದಷ್ಟಗಲ ಬಿದ್ದಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

ಅಷ್ಟರಲ್ಲಿ ತಂಗಿಯ ಫೋನು ಬಂತು. ಕೋಣೆ ಗುಡಿಸಿಟ್ಟಿದ್ದೇನೆ, ಕಿಟಕಿಯಿಂದ ಒಳ್ಳೇ ಗಾಳಿ ಬರುತ್ತೆ, ಮಕ್ಕಳು ಈಗಲೇ ಕುಣಿಯುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ದೊಡ್ಡಕ್ಕ ಎಲ್ಲದಕ್ಕೂ ಹೂಂಗುಟ್ಟಿ ಒಂದೇ ಒಂದು ಮಾತು ಕೇಳಿದಳು.

"ನಿಮ್ಮಲ್ಲಿ ನೀರು ಹೇಗೆ ಬರುತ್ತೆ?"

ಆ ಕಡೆ ತಂಗಿ ತಡವರಿಸಿದಳು. "ಅದೊಂದೇ ಅಕ್ಕಾ ಇಲ್ಲಿ ಕಾಟ. ಬೆಳಗ್ಗೆ ಕೆಂಪಗೆ ಬರುತ್ತೆ, ಮಕ್ಕಳ ಯೂನಿಫಾರ್ಮೆಲ್ಲ ಕಲೆ. ನೀನು ಬರೋಷ್ಟರಲ್ಲಿ ಪೈಪು ಬದಲಾಯಿಸಿಬಿಡೋಣ ಅಂತಿದಾರೆ ಇವರು."

"ಬೇಡ," ಎಂದಳು ದೊಡ್ಡಕ್ಕ, ಫೋನನ್ನು ಎರಡೂ ಕೈಯಲ್ಲಿ ಹಿಡಿದು. "ನಾನಿರೋವರೆಗೂ ಅದನ್ನ ಮುಟ್ಟಬೇಡಿ ಅನ್ನು."