ಹಾಲು ಬಿಡಿಸುವ ಮೂರು ದಿನ

"ಇವತ್ತಿಂದ ಮೂರು ದಿನ ನೀನು ಹಿತ್ತಿಲಿಗೆ ಕಾಲಿಡೋ ಹಾಗಿಲ್ಲ, ಬಾಯೂ ಬಿಡೋ ಹಾಗಿಲ್ಲ," ಎಂದು ಅತ್ತೆ, ಸೊಸೆಯ ಕೈಯಲ್ಲಿದ್ದ ಹಾಲಿನ ಬಾಟಲಿಗಳನ್ನು ಕಿತ್ತುಕೊಂಡು ಅಟ್ಟದ ಮೇಲಿಟ್ಟರು. "ಹಾಲು ಕೊಟ್ಟ ಕೈ ಕಾಣಬಾರದು, ದನಿ ಕೇಳಬಾರದು. ಆಗಲೇ ಮರಿ ಹಾಲು ಮರೆಯೋದು. ನಾಲ್ಕು ಮಕ್ಕಳಿಗೆ ಹಾಲು ಬಿಡಿಸಿದೋಳು ನಾನು, ಇನ್ನು ಕುರಿಮರಿ ಯಾವ ಲೆಕ್ಕ?"

"ಗಿಡ್ಡಿ ಇನ್ನೂ ಹಿಂಡಿ ಮೂಸಿ ಕೂಡ ನೋಡಿಲ್ಲ ಅತ್ತೆ..."

"ಕೂತಲ್ಲಿಗೇ ಊಟ ಬಂದ್ರೆ ಯಾರು ಏಳ್ತಾರೆ? ನಡಿ ಒಳಗೆ."

ತಾಯಿ ಕುರಿ ಈದು ಸತ್ತಾಗಿನಿಂದ ಎರಡು ತಿಂಗಳು ಆ ಮೂರೂ ಮರಿಗಳನ್ನು ಸಾಕಿದ್ದು ಸೊಸೆಯೇ. ಪುಡಿ ಹಾಲು ಕದಡಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ದಿನಕ್ಕೆ ಐದು ಸಲ ಕೊಡುತ್ತಿದ್ದುದನ್ನು ಎರಡಕ್ಕೆ ಇಳಿಸಿದ್ದಳು. ದೊಡ್ಡವೆರಡೂ ಆಗಲೇ ಹಿಂಡಿಯ ತೊಟ್ಟಿಯಲ್ಲಿ ಮೂತಿ ಹುಗಿಸುತ್ತಿದ್ದವು. ಎಲ್ಲಕ್ಕಿಂತ ಚಿಕ್ಕದಾದ ಗಿಡ್ಡಿಗೆ ಮಾತ್ರ ಬಾಟಲಿಯೇ ಆಗಬೇಕು. ಈಗ ಅದು ದೊಡ್ಡಿಯ ಮೂಲೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ನಿಂತು ಒಂದೇ ಸಮನೆ ಅರಚತೊಡಗಿತು. ಒಳಗೆ ಸೊಸೆ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿದಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಅಡುಗೆಗೆ ಎರಡು ಸಲ ಉಪ್ಪು ಬಿದ್ದದ್ದೂ ತಿಳಿಯಲಿಲ್ಲ.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತುತ್ತು. "ಮನೆ ಎಷ್ಟು ತಣ್ಣಗಿದೆಯಮ್ಮಾ! ಮೂರು ದಿನ ಸಾಲದು, ಇವಳಿಗೆ ಒಂದು ತಿಂಗಳು ಹೇಳು," ಎಂದು ನಕ್ಕು, ತಟ್ಟೆ ಖಾಲಿ ಮಾಡಿ ಎದ್ದು ಹೋದ. ಅತ್ತೆ ಒಂದರ ಹಿಂದೆ ಒಂದರಂತೆ ಎರಡು ಲೋಟ ನೀರು ಕುಡಿದರು. ಯಾವತ್ತೂ ಉಪ್ಪಿನ ಲೆಕ್ಕ ಒಪ್ಪಿಸುವವರು ಅವತ್ತು ಏನೂ ಹೇಳಲಿಲ್ಲ.

ಮರುದಿನ ಅಕ್ಕನ ಫೋನು ಬಂದಾಗ ಸೊಸೆ ಮರೆತು, "ಹಾಂ, ಹೇಳಕ್ಕಾ," ಅಂದುಬಿಟ್ಟಳು. ಅಷ್ಟೇ ಸಾಕಾಯಿತು. ಗಿಡ್ಡಿ ಬೇಲಿಗೆ ಹಾರಿ ಹಾರಿ ಬಿತ್ತು. ಅತ್ತೆ ಹೊರಗಿನಿಂದಲೇ ಕಿಟಕಿ ಬಡಿದು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದರು. ಅವಳು ಫೋನನ್ನು ಅಕ್ಕಿಯ ಡಬ್ಬದೊಳಗಿಟ್ಟು ಮುಚ್ಚಿದಳು. ಇಡೀ ದಿನ ಗಿಡ್ಡಿ ನಾಲ್ಕು ಗುಟುಕು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಮೂರನೆಯ ದಿನ ಅದರ ಕೂಗು ಸಣ್ಣಗಾಯಿತು. ಕೂಗಿಗಿಂತ ಅದೇ ಅವಳನ್ನು ಹೆಚ್ಚು ಹಿಂಸಿಸಿತು. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಮುಖ ಇಳಿದಿತ್ತು.

"ಪಕ್ಕೆ ಒಳಗೆ ಹೋಗಿದೆ ಕಣೇ. ಸಂಜೆಯೊಳಗೆ ತಿನ್ನದಿದ್ರೆ ಉಳಿಯೋದು ಕಷ್ಟ."

"ಒಂದೇ ಒಂದು ಬಾಟಲಿ ಕೊಡ್ಲಾ ಅತ್ತೆ?" ಅವಳು ಪಿಸುಗುಟ್ಟಿದಳು.

"ಈಗ ಕೊಟ್ರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಎಲ್ಲಿ, ಹಾಲು ಕುಡಿಸುವಾಗ ತೊಡ್ತಿದ್ದ ಆ ನಿನ್ನ ಹಸಿರು ಸ್ವೆಟರ್ ಕೊಡು ಇಲ್ಲಿ."

ಕಿಟಕಿಯ ಸಂದಿಯಿಂದ ಅವಳು ನೋಡಿದಳು. ತನ್ನ ಸ್ವೆಟರ್ ತೊಟ್ಟ ಅತ್ತೆ ಮಂಡಿ ಹಿಡಿದುಕೊಂಡು ತೊಟ್ಟಿಯ ಪಕ್ಕ ಕುಕ್ಕರಿಸಿದರು. ಗಿಡ್ಡಿ ಓಡಿ ಬಂದು ತೋಳನ್ನು ಮೂಸಿತು. ಮುಖ ನೋಡಿತು. ಮತ್ತೆ ಅಡುಗೆಮನೆಯ ಕಡೆಗೇ ತಿರುಗಿತು. ಅತ್ತೆ ತೊಟ್ಟಿಗೆ ಕೈ ಹಾಕಿದರು. ಆಮೇಲೆ ಒಂದು ಹಿಡಿ ಹಿಂಡಿಯನ್ನು ಅಂಗೈಯಲ್ಲಿ ಹಿಡಿದು ಮಾತಾಡತೊಡಗಿದರು. ಅದು ಅವರ ದನಿಯಲ್ಲ. ಮೆತ್ತಗೆ, ಕೊನೆಯ ಅಕ್ಷರವನ್ನು ಎಳೆದು ಎಳೆದು ಆಡುವ ದನಿ.

"ತಿನ್ನೇ ನನ್ನ ರಾಣಿ, ತಿನ್ನು. ನಿನಗೆ ಕಲಸಿ ಕೊಟ್ರೆ ಬಾಲವಾದ್ರೂ ಅಲ್ಲಾಡಿಸ್ತೀಯ. ಈ ಮನೇಲಿ ಮೂರು ಹೊತ್ತು ಬೇಯಿಸಿ ಹಾಕ್ತೀನಿ, ಚೆನ್ನಾಗಿದೆ ಅನ್ನೋಕೆ ಒಂದು ನಾಲಿಗೆ ಇಲ್ಲ. ಆ ಮುದುಕಿಗಂತೂ ಉಪ್ಪು ಕಮ್ಮಿ ಅನ್ನೋಕೆ ಮಾತ್ರ ಬಾಯಿ..."

ಸೊಸೆಯ ಕಿವಿ ಬಿಸಿಯಾಯಿತು. ಒಂದಕ್ಷರ ಆಚೀಚೆ ಇಲ್ಲ. ಬೆಳಗಾಗುವ ಮುಂಚೆ, ದೊಡ್ಡಿಯಲ್ಲಿ ತಾನು ಮತ್ತು ಮರಿಗಳು ಮಾತ್ರ ಎಂದುಕೊಂಡು ದಿನವೂ ಆಡಿದ ಮಾತು. ಅತ್ತೆಯ ಕೋಣೆಯ ಕಿಟಕಿ ದೊಡ್ಡಿಯ ಕಡೆಗೇ ತೆರೆಯುತ್ತದೆ ಎನ್ನುವುದು ಎರಡು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಗಿಡ್ಡಿಯ ಕಿವಿ ನಿಮಿರಿತು. ಅದು ಹಿಂದಿರುಗಿ ಬಂತು. ಬಾಲ ಒಮ್ಮೆ ಅಲ್ಲಾಡಿತು. ಮೂತಿ ಅಂಗೈಗೆ ಇಳಿಯಿತು. ಹಿಂಡಿ ಅಗಿಯುವ ಕರಕರ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

ಅತ್ತೆ ಎರಡನೆಯ ಹಿಡಿ ತೆಗೆದರು, ಮೂರನೆಯದನ್ನೂ ತೆಗೆದರು. ಕದ್ದ ಮಾತುಗಳು ಮುಗಿದವು. ಆಮೇಲೆ ಅವರ ಸ್ವಂತ ಒರಟು ದನಿ ಕೇಳಿಸಿತು, ಮರಿಗೆ ಮಾತ್ರ ಹೇಳುವಂತೆ.

"ನನಗೂ ಯಾರೂ ಚೆನ್ನಾಗಿದೆ ಅಂದಿರಲಿಲ್ಲ ಕಣೇ. ನಲವತ್ತು ವರ್ಷ. ಹೇಳ್ಕೊಳ್ಳೋಕೆ ಒಂದು ಕುರಿಮರೀನೂ ಇರಲಿಲ್ಲ."

ಕಿಟಕಿಯ ಹಿಂದೆ ಸೊಸೆ ಬಾಯಿ ತೆರೆದಳು. ಮೂರನೆಯ ದಿನ ಮುಗಿಯಲು ಇನ್ನೂ ಹೊತ್ತಿತ್ತು. ಅವಳು ಎರಡೂ ಕೈಗಳಿಂದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡಳು.